ಕೀರ್ತಿಯ ಹೆಸರಿನ ರೈಫಲ್

ಲಿನ್‌ವುಡ್ ಸುತ್ತಮುತ್ತಲಿನ ಕನ್ನಡದವರಲ್ಲಿ ಬಂದೂಕಿನ ವಿಷಯ ತಿಳಿದವರು ಶ್ರೀಧರರೊಬ್ಬರೇ. ನಲವತ್ತಾರು ವರ್ಷಗಳ ಹಿಂದೆ ಮೈಸೂರಿನಿಂದ ಅಮೆರಿಕಕ್ಕೆ ಓದಲು ಬಂದು, ವಿಮಾನದ ರೆಕ್ಕೆಗಳ ಮೇಲೆ ಬೀಳುವ ಗಾಳಿಯ ಒತ್ತಡ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು. ಅವರ ಮೊದಲ ಮೇಲಧಿಕಾರಿ ಚಳಿಗಾಲದಲ್ಲಿ ಬೆಟ್ಟಸಾಲಿನ ಆಚೆಯ ಒಣ ಬಯಲಿಗೆ ಕರೆದುಕೊಂಡು ಹೋಗಿ ಮೊಲದ ಬೇಟೆಯ ಅಭ್ಯಾಸ ಹಿಡಿಸಿದ್ದ. ಹೊಡೆದ ಮೊಲಗಳನ್ನೆಲ್ಲ ಶ್ರೀಧರರು ಅವನ ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಹೆಂಡತಿ ಕಮಲಾಕ್ಷಿ ಅವನ್ನು ಗ್ಯಾರೇಜಿನೊಳಗೂ ಸೇರಿಸುತ್ತಿರಲಿಲ್ಲ. ಮಂಡಿನೋವು ಶುರುವಾದ ಮೇಲೆ ಬೇಟೆ ನಿಂತಿತು, ಬಂದೂಕುಗಳನ್ನು ಮಾರಿದ್ದಾಯಿತು. ಆದರೆ ಹೊಸಬರು ಬೇಟೆಯ ಲೈಸೆನ್ಸ್ ಪಡೆಯುವ ಮುಂಚೆ ಕಲಿಯಬೇಕಾದ ಸುರಕ್ಷತೆಯ ಪಾಠವನ್ನು ಪ್ರತಿ ಏಪ್ರಿಲ್‌ನಲ್ಲೂ ಹೇಳಿಕೊಡುವುದನ್ನು ಅವರು ಬಿಟ್ಟಿರಲಿಲ್ಲ.

ಹಾಗಾಗಿ ವಿಜಯಕುಮಾರ ಫೋನ್ ಮಾಡಿದ್ದು ಅವರಿಗೇ.

“ಸರ, ಒಂದ ಉಪಕಾರ ಆಗಬೇಕಿತ್ರಿ. ನಮ್ಮ ಕೀರ್ತಿಗೆ ಒಂದ ರೈಫಲ್ ಕೊಡಸಬೇಕಂತ ಮಾಡೇನ್ರಿ. ಮೊಲಾ ಹೊಡಿಯೂದು. ನೀವು ಬಂದು ಆರಿಸಿ ಕೊಟ್ರ ಚಲೋ ಆಕ್ಕೈತಿ.”

ಶ್ರೀಧರರಿಗೆ ಆಶ್ಚರ್ಯವಾಯಿತು. ವಿಜಯಕುಮಾರ ಬಾಗಲಕೋಟೆಯ ಕಡೆಯವನು, ಸಿಯಾಟಲ್ ನಗರದ ಫ್ರೀಮಾಂಟ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹೋದ ವರ್ಷ ಅವನ ಮಗಳು ಕೀರ್ತಿ ಶಾಲೆಯ ಗೆಳತಿಯ ಜೊತೆ ಶ್ರೀಧರರ ಪಾಠಕ್ಕೆ ಬಂದು, ಪರೀಕ್ಷೆ ಪಾಸಾಗಿ, ಕಾರ್ಡು ಹಿಡಿದುಕೊಂಡು ಮನೆಗೆ ಹೋಗಿದ್ದಳು. ಆ ಸಂಜೆ ಇದೇ ವಿಜಯಕುಮಾರ ಫೋನ್ ಮಾಡಿ ಕೂಗಾಡಿದ್ದ. “ಲಿಂಗಾ ಕಟ್ಟಿದ ಮನೀರಿ ನಮ್ದು. ತತ್ತಿ ಸೈತ ತರಂಗಿಲ್ಲ. ನೀವು ಹಿರ್ಯಾರು, ಹುಡುಗಿಗೆ ಇಂಥಾದ್ದ ಕಲಿಸೂದಾ?” ಆಮೇಲೆ ಅಪ್ಪಮಗಳ ನಡುವೆ ಒಂದು ತಿಂಗಳು ಮಾತಿರಲಿಲ್ಲವಂತೆ.

“ಈಗೇನು ಮನಸ್ಸು ಬದಲಾಯ್ತಾ?” ಎಂದು ಶ್ರೀಧರರು ನಕ್ಕರು.

“ಹೂಂರಿ. ಮಕ್ಕಳ ಆಸೆಗೆ ಯಾಕ ಬ್ಯಾಡ ಅನ್ನೂದು. ಶನಿವಾರ ಹೋಗೂಣ್ರಿ. ದಸರಾ ಐತಿ, ದಿನಾನೂ ಚಲೋ ಐತಿ.”

ಶನಿವಾರ ಬೆಳಿಗ್ಗೆ ಅವನೇ ಕಾರು ತಂದ. ಕೀರ್ತಿ ಹಿಂದಿನ ಸೀಟಿನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು. ಹದಿನೈದು ವರ್ಷ, ಅಪ್ಪನಷ್ಟೇ ಎತ್ತರ, ವಾಲಿಬಾಲ್ ಆಡಿ ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡಿದ್ದಳು. ಆರು ತಿಂಗಳ ಹಿಂದೆ ಯುಗಾದಿಯ ಊಟದಲ್ಲಿ ನೋಡಿದಾಗ ವಿಜಯಕುಮಾರನ ಕಣ್ಣು ಒಳಗೆ ಹೋಗಿದ್ದವು, ಹೋಳಿಗೆ ಮುರಿದು ಹಾಗೇ ಬಿಟ್ಟಿದ್ದ. ಈಗ ಮುಖ ತಿಳಿಯಾಗಿತ್ತು. ಗಡ್ಡ ನುಣ್ಣಗೆ ತೆಗೆದು, ಇಸ್ತ್ರಿಯ ಅಂಗಿ ತೊಟ್ಟಿದ್ದ. ಶ್ರೀಧರರಿಗೆ ಖುಷಿಯಾಯಿತು.

ಲಿನ್‌ವುಡ್‌ನಲ್ಲೇ ಎರಡು ಅಂಗಡಿಗಳಿದ್ದವು. ಅವನು ಅವನ್ನು ದಾಟಿ, ಸಿಯಾಟಲ್ ದಾಟಿ, ಟಕ್ವಿಲಾದ ಗೋದಾಮುಗಳ ನಡುವಿನ ಒಂದು ಅಂಗಡಿಗೆ ಗಾಡಿ ತಿರುಗಿಸಿದ.

“ಇಷ್ಟು ದೂರ ಯಾಕೆ?”

“ಅಲ್ಲೆ ಯಾರರ ನಮ್ಮವರು ನೋಡಿದ್ರ ಸುಮ್ಮನ ಮಾತಾಕ್ಕಾವ್ರಿ.”

ಅಂಗಡಿಯಲ್ಲಿ ಬೆಳ್ಳಿಕೂದಲಿನ ಒಬ್ಬ ಹೆಂಗಸು ಇದ್ದಳು. ಶ್ರೀಧರರು ಕೇಳಿದ್ದನ್ನೆಲ್ಲ ತಾಳ್ಮೆಯಿಂದ ತೆಗೆದು ತೋರಿಸಿದಳು. ಶ್ರೀಧರರಿಗೆ ಈ ಕೆಲಸ ಇಷ್ಟ. ಮಕ್ಕಳಿಗೆ ಮೊದಲ ರೈಫಲ್ ಆರಿಸುವಾಗ ದೊಡ್ಡವರು ಮಾಡುವ ತಪ್ಪು ಒಂದೇ, ಬೆಳೆಯುವ ಮಗುವಿಗೆ ಸಡಿಲ ಅಂಗಿ ಹೊಲಿಸಿದ ಹಾಗೆ ಉದ್ದದ್ದು, ಭಾರದ್ದು ಕೊಡಿಸಿಬಿಡುವುದು. ಭುಜಕ್ಕೆ ಸರಿಯಾಗಿ ಕೂರದ ಬಂದೂಕನ್ನು ಹಿಡಿದ ಮಗು ಕತ್ತು ಚಾಚುತ್ತದೆ, ಗುರಿ ತಪ್ಪುತ್ತದೆ, ಮೊಲ ಸಾಯದೆ ಕುಂಟಿಕೊಂಡು ಪೊದೆ ಸೇರುತ್ತದೆ. ಅವರು ಕೀರ್ತಿಯ ಮೊಣಕೈ ಮಡಿಸಿ, ರೈಫಲ್ಲಿನ ಹಿಂಬದಿಯನ್ನು ಆ ಸಂದಿಗೆ ಇಟ್ಟು, ಬೆರಳಿನ ತುದಿ ಟ್ರಿಗರಿನವರೆಗೆ ಹೋಗುತ್ತದೆಯೇ ನೋಡಿದರು. ಮೂರನೆಯದು ಹೊಂದಿತು. ಒಂದು ಸಲಕ್ಕೆ ಒಂದೇ ಗುಂಡು ತುಂಬುವಂಥದ್ದು, ಪುಟ್ಟದು, ಹಗುರ.

“ಇದು ಸರಿ. ಒಂದೇ ಗುಂಡು ಅಂದ್ರೆ ಮಕ್ಕಳು ಯೋಚಿಸಿ ಹೊಡೀತಾರೆ. ಏನಂತೀರಿ ವಿಜಯಕುಮಾರ್?”

ಅವನು ಗೋಡೆಯ ಕಡೆ ನೋಡುತ್ತ ನಿಂತಿದ್ದ. “ಹೂಂರಿ, ಸಾಕು. ಅದ ಸಾಕು. ಯಾವತ್ತ ಕೈಗೆ ಸಿಗತೈತ್ರಿ?”

ಅವನು ಕೇಳಿದ್ದು ಅದೊಂದೇ ಪ್ರಶ್ನೆ. ತೂಕ ಕೇಳಲಿಲ್ಲ, ಕೈಯಲ್ಲಿ ಹಿಡಿದು ನೋಡಲಿಲ್ಲ, ಮಗಳ ಭುಜದ ಮೇಲೆ ಅದು ಹೇಗೆ ಕೂತಿತೆಂದು ತಿರುಗಿಯೂ ನೋಡಲಿಲ್ಲ.

ಶ್ರೀಧರರು ಪಾಠದ ಮೊದಲ ದಿನ ಎಲ್ಲರನ್ನೂ ಕೇಳುವ ಮಾತನ್ನು ಕೇಳಿದರು. “ಅಲ್ಲ, ಹೊಡೆದ ಮೊಲಾನ ಯಾರು ತಿಂತಾರೆ ನಿಮ್ಮನೇಲಿ? ತಿನ್ನದೇ ಇರೋದನ್ನ ಹೊಡೀಬಾರದು, ಅದು ನನ್ನ ರೂಲು.”

ವಿಜಯಕುಮಾರ ಕಣ್ಣು ಪಿಳಿಪಿಳಿ ಬಿಟ್ಟ. ಆ ಪ್ರಶ್ನೆ ಅವನಿಗೆ ಇದುವರೆಗೆ ಹೊಳೆದೇ ಇರಲಿಲ್ಲ ಎನ್ನುವುದು ಮುಖದಲ್ಲೇ ಕಂಡಿತು. “ನೋಡೂಣ್ರಿ. ಯಾರಿಗರ ಕೊಟ್ರಾತು.”

ಕಾಗದಪತ್ರಕ್ಕೆ ಅವನು ಕೌಂಟರಿಗೆ ಹೋದ. ಕೊಳ್ಳುವವರು ಸುರಕ್ಷತೆಯ ತರಬೇತಿ ಪಡೆದ ಪತ್ರ ತೋರಿಸಬೇಕಿತ್ತು. ಅವನು ಮಡಿಸಿದ ಹಾಳೆಯನ್ನು ಜೇಬಿನಿಂದ ತೆಗೆದ. ಎಲ್ಲ ತಯಾರಾಗಿಯೇ ಬಂದಿದ್ದ. ಶ್ರೀಧರರು ಹೆಗಲ ಮೇಲಿಂದ ನೋಡಿದರು. ಪತ್ರದ ತಾರೀಕು ಜುಲೈ ತಿಂಗಳದು.

ಕೀರ್ತಿ ಗುಂಡಿನ ಪೆಟ್ಟಿಗೆಗಳ ಸಾಲಿನ ಮುಂದೆ ಕೈಕಟ್ಟಿ ನಿಂತಿದ್ದಳು. ಶ್ರೀಧರರು ಹತ್ತಿರ ಹೋಗಿ ಕೇಳಿದರು. “ಅಪ್ಪ ಯಾವಾಗಮ್ಮ ಒಪ್ಪಿದ್ದು?”

ಕೀರ್ತಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ತನಗೆ ಅಪ್ಪ ಹೇಳಿದ್ದು ಹೋದ ವಾರ ಎಂದಳು. ತಾನಾಗಿ ಕೇಳಿರಲಿಲ್ಲ. ಆ ಗೆಳತಿ ಬೇರೆ ಊರಿಗೆ ಹೋದ ಮೇಲೆ ತನಗೆ ಬೇಟೆಯ ಆಸೆಯೇ ಹೋಗಿತ್ತು. “ಆದರೆ ಅಪ್ಪ ಇಷ್ಟು ಖುಷಿಯಾಗಿ ಏನನ್ನೂ ಕೇಳಿ ತುಂಬಾ ದಿನ ಆಗಿತ್ತು ಅಂಕಲ್. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ. ಅವರಿಗೆ ಹೇಳಬೇಡಿ.”

ಇಲ್ಲಿಯ ಕಾನೂನಿನಂತೆ ಹತ್ತು ಕೆಲಸದ ದಿನ ಕಾಯಬೇಕಿತ್ತು. ಅಂಗಡಿಯ ಹೆಂಗಸು ಕ್ಯಾಲೆಂಡರ್ ನೋಡಿ, ಅಕ್ಟೋಬರ್ ಇಪ್ಪತ್ತೆಂಟು, ಸೋಮವಾರ ಬನ್ನಿ ಎಂದಳು. ವಿಜಯಕುಮಾರ ಆ ತಾರೀಕನ್ನು ಮೆಲ್ಲಗೆ ಮತ್ತೊಂದು ಸಲ ಹೇಳಿಕೊಂಡ. ದಾರಿಯುದ್ದಕ್ಕೂ ಅವನು ಏನೋ ಗುನುಗುತ್ತಿದ್ದ.

ಅದೇ ಸಂಜೆ ಐದೂವರೆಗೆ ಶ್ರೀಧರರ ಮನೆಯ ಗಂಟೆ ಸದ್ದು ಮಾಡಿತು. ವಿಜಯಕುಮಾರ, ಅವನ ಹೆಂಡತಿ ವೈಶಾಲಿ, ಇಬ್ಬರೂ ಹಬ್ಬದ ಬಟ್ಟೆಯಲ್ಲಿ. ಊರಿಂದ ಯಾರೋ ತಂದುಕೊಟ್ಟ ಒಣಗಿದ ಬನ್ನಿ ಎಲೆಗಳನ್ನು ಅವನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದಿದ್ದ. ಹನ್ನೆರಡು ವರ್ಷದ ಪರಿಚಯದಲ್ಲಿ ಅವನು ಬನ್ನಿ ಕೊಡಲು ಮನೆಗೆ ಬಂದದ್ದು ಇದೇ ಮೊದಲು.

“ನಾವು ನೀವು ಬಂಗಾರದಂಗ ಇರೂಣ್ರಿ,” ಎಂದು ಎಲೆ ಕೊಟ್ಟು ಶ್ರೀಧರರ ಕಾಲು ಮುಟ್ಟಿದ. ಮುಟ್ಟಿದವನು ಬೇಗ ಏಳಲಿಲ್ಲ. “ಹ್ವಾದ ವರ್ಷ ನಿಮಗ ಬಾಯಿಗೆ ಬಂದಂಗ ಅಂದಿದ್ನಿ ಸರ. ಹೊಟ್ಟ್ಯಾಗ ಹಾಕ್ಕೋರಿ.”

“ಅಯ್ಯೋ, ಅದನ್ನ ಅವತ್ತೇ ಮರೆತೆ. ಏಳಿ, ಏಳಿ.”

ಕಮಲಾಕ್ಷಿ ಚಕ್ಕುಲಿ ತಂದಿಟ್ಟರು. ವೈಶಾಲಿ ಈ ದಸರೆಯ ಮಾತು ಹೇಳುತ್ತ ಹಿಗ್ಗುತ್ತಿದ್ದಳು. ಈ ಸಂಜೆ ಎಷ್ಟೋ ಮನೆಗಳಿಗೆ ಹೋಗುವುದಿದೆ ಎಂದು ಗಂಡ ಪಟ್ಟಿಯನ್ನೇ ಮಾಡಿದ್ದನಂತೆ. ಮಾತು ಬಿಟ್ಟ ಒಬ್ಬ ಗೆಳೆಯನ ಮನೆಯೂ ಅದರಲ್ಲಿತ್ತಂತೆ.

“ಮೂರ ತಿಂಗಳಾತ್ರಿ ಆಂಟಿ, ಇವರು ಬ್ಯಾರೇ ಮನಶ್ಯಾನ ಆಗ್ಯಾರ. ಮೊದಲೆಲ್ಲಾ ರಾತ್ರಿ ನಿದ್ದಿ ಇದ್ದಿದ್ದಿಲ್ಲ, ಮಾತ ಇದ್ದಿದ್ದಿಲ್ಲ. ಈಗ ಎಷ್ಟ ಶಾಂತ ನೋಡ್ರಿ. ಕರೆಂಟಿನ ಡಬ್ಬಿ ಮ್ಯಾಲ ಯಾವ ಸ್ವಿಚ್ ಯಾತರದ್ದು ಅಂತ ನನಗ ತಿಳಿಯೂಹಂಗ ಕನ್ನಡದಾಗ ಬರದ ಹಚ್ಯಾರ. ಹದಿನಾಕ ವರ್ಷ ಫ್ರೀವೇ ಅಂದ್ರ ಹೆದರತಿದ್ದ್ನಿ, ಬಾಜೂಕ ಕುಂತು ಕಲಿಸೇ ಬಿಟ್ರು. ಈಗ ಒಬ್ಬಾಕಿನ ಎಲ್ಲಿಗಿ ಬೇಕಾದ್ರೂ ಹೋಗ್ತೇನಿ.”

ವಿಜಯಕುಮಾರ ಚಕ್ಕುಲಿ ಮುರಿಯುತ್ತ ನಕ್ಕ. “ಯಾರ ಮ್ಯಾಲೂ ಅವಲಂಬಿಸಬಾರದ್ರಿ.”

ಅವರು ಹೋದ ಮೇಲೆ ಕಮಲಾಕ್ಷಿ ತಟ್ಟೆ ಎತ್ತಲಿಲ್ಲ. ಬನ್ನಿ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು.

“ರೀ, ಬೆಳಿಗ್ಗೆ ಹೋಗಿ ಆರಿಸಿ ಬಂದ್ರಲ್ಲ, ಆ ಬಂದೂಕು ಯಾರಿಗೆ?”

“ಹುಡುಗಿಗೆ. ಹೇಳಿದ್ನಲ್ಲ.”

“ಹುಡುಗಿಗೆ ಬೇಡವಂತೆ, ಅದನ್ನೂ ನೀವೇ ಹೇಳಿದ್ರಿ. ಮತ್ತೆ ಯಾರಿಗೆ?”

ಜುಲೈ ತಾರೀಕಿನ ಪತ್ರ ಶ್ರೀಧರರ ಕಣ್ಣ ಮುಂದೆ ಬಂತು. ಆದರೂ ಬಾಯಲ್ಲಿ ಬಂದದ್ದು ಬೇರೆ ಮಾತು. “ಹಬ್ಬದ ದಿನ ಏನೇನೋ ಮಾತಾಡಬೇಡ. ಒಳ್ಳೆ ಕೆಲಸ, ಒಳ್ಳೆ ಸಂಸಾರ. ಮನುಷ್ಯ ನಗ್ತಾ ಇದಾನೆ.”

“ಅದನ್ನೇ ನಾನೂ ಹೇಳ್ತಿರೋದು,” ಎಂದರು ಕಮಲಾಕ್ಷಿ.

ಭಾನುವಾರ ಬೆಳಿಗ್ಗೆ ಶ್ರೀಧರರು ಫೋನ್ ಎತ್ತಿಕೊಂಡು ಎರಡು ಸಲ ಕೆಳಗಿಟ್ಟರು. ಏನೆಂದು ಕೇಳುವುದು? ತಪ್ಪಾಗಿದ್ದರೆ ಒಬ್ಬ ಗೌರವಸ್ಥನ ಮುಖಕ್ಕೆ ಎಂಥ ಮಾತು ಹೇಳಿದ ಹಾಗಾಗುತ್ತದೆ? ವೈಶಾಲಿಗೆ ಮೊದಲು ಹೇಳೋಣವೆಂದರೆ, ನಿನ್ನೆಯ ಅವಳ ಹಿಗ್ಗು ನೆನಪಾಯಿತು. ಕೊನೆಗೆ ವಿಜಯಕುಮಾರನಿಗೇ ಕರೆ ಮಾಡಿದರು. ಅವನು ಎತ್ತಿ, “ಛತ್ತಿನ ಅಂಚಿನ ಗಟಾರ ಸ್ವಚ್ಛ ಮಾಡಾಕತ್ತೇನ್ರಿ ಸರ, ಏಣಿ ಮ್ಯಾಲ ಅದೀನಿ, ಆಮ್ಯಾಲ ಮಾಡ್ತೀನ್ರಿ,” ಎಂದ. ಆಮೇಲೆ ಮಾಡಲಿಲ್ಲ. ಹೊತ್ತು ಮುಳುಗುವವರೆಗೂ ಶ್ರೀಧರರು ಫೋನಿನ ಪಕ್ಕದಲ್ಲೇ ಕೂತಿದ್ದರು. ಇಪ್ಪತ್ತೆಂಟಕ್ಕೆ ಇನ್ನೂ ದಿನಗಳಿವೆ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಏಣಿ ಎಂಬ ಮಾತು ಕೇಳಿದಾಗಿನಿಂದ, ಆ ದಿನಗಳನ್ನು ನೆಚ್ಚಿಕೊಳ್ಳುವುದು ಹೇಗೆಂದು ಅವರಿಗೆ ತಿಳಿಯದಾಗಿತ್ತು.

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಅವರು ಲಿನ್‌ವುಡ್ ಸ್ಟೇಷನ್ನಿನ ಮೆಟ್ಟಿಲ ಬಳಿ ನಿಂತಿದ್ದರು. ರೈಲು ಅಲ್ಲಿಯವರೆಗೆ ಬಂದು ಆರು ವಾರವಷ್ಟೇ ಆಗಿತ್ತು. ವಿಜಯಕುಮಾರ ಅದರಲ್ಲೇ ಹೋಗುತ್ತಾನೆಂದು ವೈಶಾಲಿ ಹೇಳಿದ್ದಳು. ಅವನು ಬಂದ, ಬೆನ್ನಿಗೆ ಆಫೀಸಿನ ಚೀಲ.

“ಸರ? ಇಷ್ಟ ಲಗೂನ ಎಲ್ಲಿಗ್ರಿ?”

“ನಿನ್ನ ಜೊತೆ,” ಎಂದರು ಶ್ರೀಧರರು. ಅಷ್ಟು ವರ್ಷ ‘ನೀವು’ ಎನ್ನುತ್ತಿದ್ದವರ ಬಾಯಲ್ಲಿ ಆ ಬೆಳಿಗ್ಗೆ ‘ನೀನು’ ಬಂತು.

ಬಾಗಿಲ ಪಕ್ಕದ ಜೋಡಿ ಸೀಟಿನಲ್ಲಿ ಕೂತರು. ರೈಲು ಕಂಬಗಳ ಮೇಲಿನ ಹಳಿಯಲ್ಲಿ ಹೊರಟಿತು. ಕೆಳಗೆ ಫ್ರೀವೇಯ ದೀಪಗಳು ಮಂಜಿನಲ್ಲಿ ಸಾಲಾಗಿ ನಿಂತಿದ್ದವು. ಶ್ರೀಧರರು ರಾತ್ರಿಯಿಡೀ ಹತ್ತು ಬಗೆಯ ಪೀಠಿಕೆ ಯೋಚಿಸಿದ್ದರು. ಒಂದೂ ನೆನಪಾಗಲಿಲ್ಲ.

“ವಿಜಯ್, ಆ ರೈಫಲ್ ಕೀರ್ತಿಗಾ, ನಿನಗಾ?”

ಅವನು ಕಿಟಕಿಯ ಕಡೆ ತಿರುಗಿದ. ಮೌಂಟ್‌ಲೇಕ್ ಟೆರೇಸ್ ಬಂತು, ಜನ ಹತ್ತಿದರು, ಬಾಗಿಲು ಮುಚ್ಚಿತು. ಶ್ರೀಧರರು ಮತ್ತೆ ಕೇಳಲಿಲ್ಲ. ಶೋರ್‌ಲೈನ್‌ನ ಮೊದಲ ಸ್ಟೇಷನ್ ಹೋಯಿತು, ಎರಡನೆಯದೂ ಹೋಯಿತು. ಎದುರು ಸೀಟಿನ ಹೆಂಗಸು ಫೋನ್ ನೋಡುತ್ತ ಸೇಬು ತಿನ್ನುತ್ತಿದ್ದಳು. ತಪ್ಪು ಮಾತು ಆಡಿದ್ದಕ್ಕೆ ಅವನು ಬೈಯಲಿ, ಎದ್ದು ಬೇರೆ ಡಬ್ಬಿಗೆ ಹೋಗಲಿ ಎಂದು ಶ್ರೀಧರರು ದೇವರಲ್ಲಿ ಬೇಡಿಕೊಂಡರು. ಅವನು ಬೈಯಲಿಲ್ಲ, ಏಳಲೂ ಇಲ್ಲ.

ನಾರ್ತ್‌ಗೇಟ್ ದಾಟಿ ರೈಲು ಸುರಂಗದೊಳಗೆ ಇಳಿದು, ಕಿಟಕಿ ಕಪ್ಪಾಗಿ, ಅದರಲ್ಲಿ ಇಬ್ಬರ ಮುಖವೂ ಕಂಡಾಗ ಅವನು ಮಾತಾಡಿದ.

“ಹೆಂಗ ಗೊತ್ತಾತ್ರಿ?”

ಶ್ರೀಧರರು ಅವನ ಮಣಿಕಟ್ಟು ಹಿಡಿದುಕೊಂಡರು.

“ಕಾರಣ ಕೇಳಬ್ಯಾಡ್ರಿ ಸರ. ಕಾರಣಾನ ಇಲ್ಲ. ನೌಕರಿ ಚಲೋ ಐತಿ. ವೈಶಾಲಿ ಬಂಗಾರದಂಥಾಕಿ. ಯಾರೂ ಏನೂ ಅಂದಿಲ್ಲ. ಒಂದ ಕಾರಣ ಇದ್ದಿದ್ರ ಯಾರ ಮುಂದರ ಹೇಳತಿದ್ದ್ನಿ. ಏನಂತ ಹೇಳ್ಲಿ? ಮುಂಜಾನೆ ಎದ್ದಕೂಡಲೆ ಎದಿ ಮ್ಯಾಲ ಏನೋ ಕುಂತಿರತೈತ್ರಿ. ಎರಡ ವರ್ಷಾತು. ಜುಲೈದಾಗ ಒಂದ ದಿನ ಹಿಂಗ ಮಾಡಬೇಕಂತ ಅನಿಸ್ತು. ಅನಿಸಿದ ರಾತ್ರಿ ನಿದ್ದಿ ಬಂತು. ಅಷ್ಟ.”

“ಮಗಳ ಹೆಸರಲ್ಲಿ ಯಾಕಪ್ಪ?”

“ನನ್ನ ಹೆಸರಿಲೆ ತಂದ್ರ ವೈಶಾಲಿ ಮನಿಯೊಳಗ ಬಿಡಂಗಿಲ್ಲ.” ಹಾಗೆಂದವನು ಥಟ್ಟನೆ ಬಾಯಿ ಮುಚ್ಚಿಕೊಂಡ. ಆ ಮಾತು ತನ್ನ ಕಿವಿಗೇ ಬಿದ್ದು, ಅದರ ಅರ್ಥ ಆಗ ಹೊಳೆದವನ ಹಾಗೆ. ಅವನ ಭುಜ ಅಲುಗತೊಡಗಿತು. ಸೇಬಿನ ಹೆಂಗಸು ತಲೆಯೆತ್ತಿ ನೋಡಿ, ಏನೂ ಕೇಳದೆ, ಒಂದು ಕರವಸ್ತ್ರ ತೆಗೆದು ಅವನ ತೊಡೆಯ ಮೇಲಿಟ್ಟು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದಳು.

“ಇವತ್ತು ಆಫೀಸ್ ಬೇಡ. ನಾವಿಬ್ರೂ ಆಸ್ಪತ್ರೆಗೆ ಹೋಗೋಣ. ನಾನು ನಿನ್ನ ಬಿಟ್ಟು ಹೋಗಲ್ಲ,” ಎಂದರು ಶ್ರೀಧರರು.

“ವೈಶಾಲಿಗೆ ಹೇಳಬ್ಯಾಡ್ರಿ.”

“ಹೇಳ್ತೀನಿ. ನಿನ್ನೆದುರಿಗೇ ಹೇಳ್ತೀನಿ.”

ಯೂನಿವರ್ಸಿಟಿ ಹತ್ತಿರ ಇಳಿದು, ಎಸ್ಕಲೇಟರ್ ಮೇಲೆ ಅವನ ಚೀಲವನ್ನು ತಾವೇ ಹಿಡಿದುಕೊಂಡು, ಶ್ರೀಧರರು ಒಂದು ಹೆಜ್ಜೆಯೂ ಹಿಂದುಳಿಯದೆ ನಡೆದರು. ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಕಾದರು. ಒಬ್ಬ ನರ್ಸ್ ಬಂದು, ಪ್ರಾಣ ತೆಗೆದುಕೊಳ್ಳುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದಾಗ ಅವನು ಶ್ರೀಧರರ ಮುಖ ನೋಡಿ, ಆಮೇಲೆ ಹೌದು ಎಂದ. ಅಲ್ಲಿಯೇ ಅಂಗಡಿಗೆ ಫೋನ್ ಮಾಡಿ ರೈಫಲ್ ಬೇಡವೆಂದೂ ಹೇಳಿದ. ಬೆಳ್ಳಿಕೂದಲಿನ ಹೆಂಗಸು ಕಾರಣ ಕೇಳಲಿಲ್ಲವಂತೆ.

ವೈಶಾಲಿ ಮಧ್ಯಾಹ್ನ ಬಂದಳು. ಗಂಡನ ಹತ್ತಿರ ಒಂದು ಗಂಟೆ ಕೂತಿದ್ದು ಹೊರಗೆ ಬಂದವಳು ಶ್ರೀಧರರ ಎದುರು ನಿಂತಳು. ಥ್ಯಾಂಕ್ಸ್ ಹೇಳುತ್ತಾಳೆಂದು ಅವರು ಎದ್ದು ನಿಂತರು.

“ನಿಮಗ ಶನಿವಾರಾನ ಸಂಶಯ ಬಂದಿತ್ತಂತ. ಎರಡ ದಿನ ಸುಮ್ಮನ ಕುಂತ್ರಿ. ನಿನ್ನೆ ಇವರು ಏಣಿ ಮ್ಯಾಲ ಇದ್ರು. ಅಕಸ್ಮಾತ್ ನಿನ್ನೇನ ಏನಾರ ಆಗಿದ್ರ?”

“ತಪ್ಪಾಯ್ತಮ್ಮ,” ಎಂದರು ಶ್ರೀಧರರು. ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಅವರ ಫೋನ್ ಎತ್ತಲಿಲ್ಲ.

ಅವನು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಔಷಧಿ ಶುರುವಾಯಿತು, ವಾರಕ್ಕೆರಡು ಸಲ ಡಾಕ್ಟರ ಮುಂದೆ ಕೂತು ಮಾತಾಡುವುದು ಶುರುವಾಯಿತು. ಮನೆಗೆ ಬಂದಾಗ ಮೊದಲಿನ ತಿಳಿ ಮುಖ ಇರಲಿಲ್ಲ. ಊದಿಕೊಂಡಿತ್ತು, ದಣಿದಿತ್ತು, ಕಣ್ಣು ಕೆಂಪಾಗಿದ್ದವು. ಕಮಲಾಕ್ಷಿ ಸಾರು ಕೊಟ್ಟು ಬಂದು, “ಈಗ ನಿಜವಾದ ಮುಖ ಇದೆ,” ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಕೀರ್ತಿಗೆ. ರೈಫಲ್ ತನ್ನ ಹೆಸರಿನಲ್ಲಿ, ತನ್ನ ಕೈಯಳತೆಗೆ ಆರಿಸಿದ್ದು ಎಂಬುದನ್ನು ಅವಳು ದಿನಗಟ್ಟಲೆ ಬಾಯಿಬಿಡದೆ ನುಂಗಿಕೊಂಡಿದ್ದಳು. ನವೆಂಬರ್‌ನಲ್ಲಿ ಒಂದು ದಿನ ಸೈಕಲ್ ತುಳಿದುಕೊಂಡು ಶ್ರೀಧರರ ಮನೆಗೆ ಬಂದಳು. ಬೂಟು ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು. “ನೀವು ಕೇಳದೇ ಇದ್ದಿದ್ದರೆ, ಅಂಕಲ್, ಅದನ್ನು ಮೊದಲು ನೋಡ್ತಿದ್ದದ್ದು ನಾನಾ?”

ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ. “ಗೊತ್ತಿಲ್ಲಮ್ಮ. ಇರಬಹುದು.”

ಅವಳು ತಲೆಯಾಡಿಸಿ ಹೊರಟುಹೋದಳು. ಆ ವರ್ಷ ಮುಗಿಯುವವರೆಗೂ ಅಪ್ಪನ ಜೊತೆ ಅವಳು ಊಟಕ್ಕೆ ಕೂರಲಿಲ್ಲ.

ಜನವರಿಯಲ್ಲಿ ವಿಜಯಕುಮಾರನೇ ಫೋನ್ ಮಾಡಿದ. ತಾನಾಗಿಯೇ ಬರೆದುಕೊಟ್ಟರೆ ಯಾವ ಅಂಗಡಿಯೂ ತನಗೆ ಬಂದೂಕು ಮಾರದಂತೆ ಹೆಸರು ಸೇರಿಸಿಕೊಳ್ಳುವ ವ್ಯವಸ್ಥೆಯೊಂದು ಈ ರಾಜ್ಯದಲ್ಲಿದೆ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಎವರೆಟ್‌ನ ಕೋರ್ಟ್ ಕಚೇರಿಗೆ ಖುದ್ದಾಗಿ ಹೋಗಬೇಕು. “ಬರ್ತೀರೇನ್ರಿ?” ಎಂದ. ವೈಶಾಲಿ ಗಾಡಿ ಓಡಿಸಿದಳು. ಶ್ರೀಧರರಿಗೆ ಮುಂದಿನ ಸೀಟು ಬಿಟ್ಟುಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಹಿಂದೆ ಅಪ್ಪ ಮಗಳು, ನಡುವೆ ಒಬ್ಬರು ಕೂರುವಷ್ಟು ಜಾಗ.

ಕಚೇರಿಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗುರುತಿನ ಚೀಟಿ ನೋಡಿದರು, ಒಂದು ಹಾಳೆ ಕೊಟ್ಟರು, ಅವನು ಸಹಿ ಹಾಕಿದ. ಮನಸ್ಸು ಬದಲಾದರೆ ಏಳು ದಿನದ ಮೇಲೆ ಬಂದು ಹೆಸರು ವಾಪಸ್ ತೆಗೆದುಕೊಳ್ಳಬಹುದು ಎಂದು ಗುಮಾಸ್ತೆ ಹೇಳಿದಾಗ ವೈಶಾಲಿಯ ಕೈ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಶ್ರೀಧರರೂ ಅದನ್ನು ಕೇಳಿಸಿಕೊಂಡರು. ಏಳು ದಿನ. ಆಮೇಲೆ ಅವನ ಕೈಯಲ್ಲೇ.

ಹೊರಗೆ ಸಣ್ಣ ಮಳೆ. ಮೆಟ್ಟಿಲಿನ ಕೆಳಗೆ ಕೀರ್ತಿ ನಿಂತುಬಿಟ್ಟಳು. ತಿಂಗಳುಗಳ ಮೇಲೆ ಅಪ್ಪನ ಮುಖ ನೋಡಿ ಮಾತಾಡಿದಳು. “ಮತ್ತೆ ಹಾಗೆ ಅನಿಸಿದರೆ ನನಗೆ ಹೇಳ್ತೀಯಾ?”

ವಿಜಯಕುಮಾರ ಅವಳ ಎದುರಿಗೆ ಬಂದು ನಿಂತ.

“ನಿನಗ ಹೇಳಂಗಿಲ್ಲವಾ,” ಎಂದ. “ನಿಮ್ಮವ್ವಗ ಹೇಳತೇನಿ. ಡಾಕ್ಟರ್‌ಗ ಹೇಳತೇನಿ. ಸರ್‌ಗ ಹೇಳತೇನಿ. ಅದು ನೀ ಹೊರೂವಂಥಾದ್ದಲ್ಲ. ನಾ ಒಮ್ಮೆ ಹೊರಿಸಾಕ ಹೋಗಿದ್ನಿ. ಮತ್ತ ಹೊರಸಂಗಿಲ್ಲ.”

“ಪ್ರಾಮಿಸ್?”

“ಇವತ್ತಿಂದು ಹೇಳತೇನಿ. ಇವತ್ತ ಹಂಗ ಅನಿಸಿಲ್ಲ. ನಾಳೆ ಮುಂಜಾನೆ ನೀ ಕೇಳಬ್ಯಾಡ, ನಾನ ನಿಮ್ಮವ್ವಗ ಹೇಳತೇನಿ.”

ವೈಶಾಲಿ ಕಾರಿನ ಬಾಗಿಲು ತೆಗೆದಳು. ಶ್ರೀಧರರು ಮುಂದಿನ ಸೀಟನ್ನು ವಿಜಯಕುಮಾರನಿಗೆ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತರು.